ಬಾತ ಕೈಯೊಳಗೆ ಟಿ ಕೋಶಗಳ ಕೆಲಸ

ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಓದುಗರೊಬ್ಬರು ಕೇಳಿದ್ದಾರೆ: ಕಂಕುಳಿನ ಗ್ರಂಥಿಗಳನ್ನು ತೆಗೆದ ವರ್ಷದ ಮೇಲೆ ಬಲಗೈ ಬಾತುಕೊಂಡಿದೆ, ಬಳೆ ಏರುತ್ತಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೂ ಇಳಿದಿಲ್ಲ. ಒಳಗಿರುವುದು ನೀರೇ ಆದರೆ, ನೀರಿಳಿಸುವ ಮಾತ್ರೆಗೆ ಅದೇಕೆ ಜಗ್ಗುವುದಿಲ್ಲ?

ಬಹಳ ಒಳ್ಳೆಯ ಪ್ರಶ್ನೆ. ರಕ್ತದ ಲೋಮನಾಳಗಳಿಂದ ಅಂಗಾಂಶಕ್ಕೆ ದ್ರವ ಸದಾ ಜಿನುಗುತ್ತಿರುತ್ತದೆ. ಅದರ ಹೆಚ್ಚಿನ ಪಾಲು ಅದೇ ನಾಳಗಳ ಇನ್ನೊಂದು ತುದಿಯಲ್ಲಿ ರಕ್ತಕ್ಕೆ ಮರಳುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 1896ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಹಾಕಿಕೊಟ್ಟ ಲೆಕ್ಕವೇ ಅದಕ್ಕೆ ಆಧಾರ. 2010ರಲ್ಲಿ ಲೆವಿಕ್ ಮತ್ತು ಮಿಶೆಲ್ ಆ ಲೆಕ್ಕವನ್ನು ತಿದ್ದಿದರು. ಹೆಚ್ಚಿನ ಅಂಗಾಂಶಗಳಲ್ಲಿ ಜಿನುಗಿದ ದ್ರವ ಹಿಂದಿರುಗುವುದು ಬಹುತೇಕ ದುಗ್ಧನಾಳ (ಲಿಂಫ್ ನಾಳ) ಎಂಬ ಬೇರೆಯೇ ನಾಳಗಳ ಮೂಲಕ ಎಂದರು. ದ್ರವದ ಜೊತೆ ಸೋರಿದ ಪ್ರೋಟೀನಿಗೂ ಹೊರಹೋಗಲು ಅದೇ ದಾರಿ. ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕಡಿದುಹೋಗುವುದು ಈ ದಾರಿಯೇ. ಮಾತ್ರೆ ಒಂದಷ್ಟು ನೀರನ್ನು ಸೆಳೆಯಬಹುದು. ಆದರೆ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ.

ಉತ್ತರ ಇಷ್ಟಕ್ಕೇ ಮುಗಿಯುವುದಿಲ್ಲ. ದಾರಿ ಕಡಿದದ್ದೊಂದೇ ಕಾರಣವಾಗಿದ್ದರೆ ಗ್ರಂಥಿ ತೆಗೆದ ಎಲ್ಲರ ಕೈಯೂ ಕೂಡಲೇ ಬಾಯಬೇಕಿತ್ತು. ಹಾಗಾಗುವುದಿಲ್ಲ. ಹೆಚ್ಚಿನವರ ಕೈ ಚೆನ್ನಾಗಿಯೇ ಉಳಿಯುತ್ತದೆ. ಬಾಯುವವರಲ್ಲೂ ಅದು ಕಾಣಿಸಿಕೊಳ್ಳುವುದು ಎಷ್ಟೋ ಸಲ ತಿಂಗಳುಗಳು, ವರ್ಷಗಳು ಕಳೆದ ಮೇಲೆ.

ಮಲೆನಾಡಿನ ಅಡಿಕೆ ತೋಟದ ಬಸಿಗಾಲುವೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕಾಲುವೆ ಒಂದು ಕಡೆ ಕುಸಿದು ಕಟ್ಟಿಕೊಂಡಿತು ಎನ್ನಿ. ಮೊದಲ ವಾರ ಅಲ್ಲಿ ನಿಲ್ಲುವುದು ಬರೀ ನೀರು. ಗುದ್ದಲಿ ಹಿಡಿದು ಬಿಡಿಸಿದರೆ ಹರಿದುಹೋಗುತ್ತದೆ. ಒಂದು ಮಳೆಗಾಲ ಹಾಗೇ ಬಿಟ್ಟರೆ ಹೂಳು ಕೂರುತ್ತದೆ, ಹೂಳಿನಲ್ಲಿ ಕಳೆ ಬೇರೂರುತ್ತದೆ, ಕಳೆಯ ಬೇರು ಇನ್ನಷ್ಟು ಹೂಳನ್ನು ಹಿಡಿಯುತ್ತದೆ. ಚೆನ್ನಾಗಿದ್ದ ಪಕ್ಕದ ಕಾಲುವೆಯೂ ಕ್ರಮೇಣ ಮುಚ್ಚುತ್ತದೆ. ಆಮೇಲೆ ಮೊದಲು ಕುಸಿದ ಜಾಗವನ್ನಷ್ಟೇ ತೆರೆದರೆ ತೋಟ ಒಣಗುವುದಿಲ್ಲ. ಹಳೆಯ ಬಾವು ಒತ್ತಿದರೆ ಗುಳಿ ಬೀಳದೆ ಗಟ್ಟಿಯಾಗಿರುವುದು ಇದಕ್ಕೇ. ಒಳಗೆ ನಾರು ಮತ್ತು ಕೊಬ್ಬು ತುಂಬಿಕೊಂಡಿರುತ್ತವೆ.

ಈ ಹೂಳು ತುಂಬುವವರು ಯಾರು? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ಪ್ಲಾಸ್ಟಿಕ್ ಸರ್ಜನ್ ಬಾಬಕ್ ಮೆಹರಾರಾ ಮತ್ತು ಸಂಗಡಿಗರು ಇಲಿಗಳ ಬಾಲದಲ್ಲಿ ಹುಡುಕಿದರು. ಬಾಲದ ಸುತ್ತ ಒಂದು ಪಟ್ಟಿ ಚರ್ಮವನ್ನು ದುಗ್ಧನಾಳಗಳ ಸಮೇತ ತೆಗೆದರೆ ಬಾಲ ಬಾಯುತ್ತದೆ. ಸಿಡಿ4 ಎಂಬ ಗುರುತಿನ ಟಿ ಕೋಶಗಳು, ಅಂದರೆ ಒಂದು ಬಗೆಯ ರೋಗನಿರೋಧಕ ಕೋಶಗಳು, ಇಲ್ಲದ ಇಲಿಗಳಲ್ಲಿ ಬಾವು ತೀರಾ ಕಡಿಮೆಯಿತ್ತು. ಗಾಯ ಅದೇ, ಕಡಿದ ನಾಳಗಳೂ ಅವೇ. ನನಗೆ ಈ ಇಡೀ ಕಥೆಯಲ್ಲಿ ಅತಿ ಬೆರಗಿನ ಸಂಗತಿ ಇದು.

ನಿಂತ ದ್ರವದ ಜಾಗಕ್ಕೆ ಬಂದ ಈ ಟಿ ಕೋಶಗಳು ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಅವುಗಳ ಪ್ರಚೋದನೆಯಿಂದ ನಾರು ಬೆಳೆಯುತ್ತದೆ, ಹೊಸ ದುಗ್ಧನಾಳಗಳು ಚಿಗುರುವುದು ನಿಲ್ಲುತ್ತದೆ. ಟಿ ಕೋಶಗಳ ಕರೆಗೆ ಓಗೊಟ್ಟು ಬಂದ ಮ್ಯಾಕ್ರೋಫೇಜ್ ಕೋಶಗಳು ಹೊರಬಿಡುವ ನೈಟ್ರಿಕ್ ಆಕ್ಸೈಡ್ ಕೂಡ ತೊಡಕು ತರುತ್ತದೆ. ದುಗ್ಧನಾಳಗಳು ತಾವೇ ಮಿಡಿದು ದ್ರವವನ್ನು ಮುಂದೂಡುವಂಥವು. ಆ ಮಿಡಿತದ ಲಯ ಕೆಡುತ್ತದೆ.

ಹಾಗಾದರೆ ನೀರನ್ನು ಬಿಟ್ಟು ಟಿ ಕೋಶಗಳನ್ನೇ ಹಿಡಿದರೆ? ಅದಕ್ಕೆ ಬೇಕಾದ ಔಷಧ ಆಗಲೇ ಕೈಯಲ್ಲಿತ್ತು. 1984ರಲ್ಲಿ ಜಪಾನಿನ ಫುಜಿಸಾವಾ ಕಂಪನಿಯವರು ಸುಕುಬಾ ಪ್ರದೇಶದ ಮಣ್ಣಿನ ಬ್ಯಾಕ್ಟೀರಿಯವೊಂದರಲ್ಲಿ ಕಂಡುಕೊಂಡ ಟ್ಯಾಕ್ರೋಲಿಮಸ್ ಅದು. ಟಿ ಕೋಶ ಎಚ್ಚೆತ್ತುಕೊಳ್ಳಲು ಬೇಕಾದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ನುಂಗಿಸುತ್ತಾರೆ, ಇಸುಬಿಗೆ ಮುಲಾಮಾಗಿ ಹಚ್ಚಿಸುತ್ತಾರೆ. 2017ರಲ್ಲಿ ಮೆಹರಾರಾ ತಂಡ ಈ ಮುಲಾಮನ್ನು ಇಲಿಯ ಬಾಲಕ್ಕೆ ಹಚ್ಚಿತು. ಬಾವು ಇಳಿಯಿತು, ನಾರು ಕಡಿಮೆಯಾಯಿತು, ನಾಳಗಳ ಮಿಡಿತ ಸುಧಾರಿಸಿತು. ಆಮೇಲೆ ಡೆನ್ಮಾರ್ಕಿನಲ್ಲಿ ಕೈ ಬಾತ ಕೆಲವು ಮಹಿಳೆಯರ ಮೇಲೆ ನಡೆದ ಸಣ್ಣ ಪ್ರಯೋಗವೂ ಆಶಾದಾಯಕವಾಗಿತ್ತು. ಆದರೆ ಅಲ್ಲಿ ಹೋಲಿಸಿ ನೋಡಲು ಮುಲಾಮು ಹಚ್ಚದ ಗುಂಪು ಇರಲಿಲ್ಲ.

ಹಾಗಾಗಿ, ಓದುಗರೇ, ಅಂಗಡಿಯಿಂದ ಮುಲಾಮು ತಂದು ನೀವೇ ಹಚ್ಚಿಕೊಳ್ಳಬೇಡಿ. ಬಾತ ಕೈಗೆ ಸಣ್ಣ ಗೀರಿನಿಂದಲೂ ಸೋಂಕು ಏರುತ್ತದೆ. ಅಲ್ಲಿನ ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುವುದು ವೈದ್ಯರ ಕಣ್ಣೆದುರಿಗೇ ಆಗಬೇಕು. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತ ಉದಾಹರಣೆಯೂ ಇದೇ ರೋಗದಲ್ಲಿದೆ. ಸ್ಟ್ಯಾನ್‌ಫರ್ಡಿನ ವಿಜ್ಞಾನಿಗಳು ಲ್ಯೂಕೋಟ್ರೈನ್ ಬಿ4 ಎಂಬ ಉರಿಯೂತದ ಅಣುವನ್ನು ತಡೆಯುವ ಬೆಸ್ಟಾಟಿನ್ ಔಷಧವನ್ನು 2017ರಲ್ಲಿ ಮುಂದಿಟ್ಟಾಗ ಪತ್ರಿಕೆಗಳು ಸಂಭ್ರಮಿಸಿದ್ದವು. ಮರುವರ್ಷವೇ ರೋಗಿಗಳ ಮೇಲಿನ ಪ್ರಯೋಗದಲ್ಲಿ ಅದು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಸದ್ಯಕ್ಕೆ ಒತ್ತುಪಟ್ಟಿ, ತರಬೇತಾದವರ ಕೈಯಿಂದ ನೀವುವಿಕೆ, ವ್ಯಾಯಾಮ, ಚರ್ಮದ ಆರೈಕೆಗಳೇ ಗಟ್ಟಿ ಚಿಕಿತ್ಸೆ.

ನಮ್ಮ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ದುಗ್ಧನಾಳದ ಬಾವಿಗೆ ಇನ್ನೊಂದು ಹೆಸರಿದೆ: ಆನೆಕಾಲು ರೋಗ. ಕ್ಯೂಲೆಕ್ಸ್ ಸೊಳ್ಳೆ ತಂದುಬಿಡುವ ಹುಳು ದುಗ್ಧನಾಳದೊಳಗೇ ಮನೆ ಮಾಡುತ್ತದೆ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಎದುರಿಗೇ ನುಂಗಿಸುವ, ಈ ಹುಳುವಿನ ವಿರುದ್ಧದ ಡಿಇಸಿ ಮಾತ್ರೆ 1947ರಲ್ಲಿ ಬೆಳಕಿಗೆ ಬಂದದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ. ಆಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು.

ಟ್ಯಾಕ್ರೋಲಿಮಸ್‌ಗೆ ರೋಗನಿರೋಧಕ ಕೋಶಗಳು ಸುಮ್ಮನಿರಬೇಕು. ಡಿಇಸಿಗೆ ಅವು ಎಚ್ಚರವಾಗಿರಬೇಕು. ಗಾಜಿನ ನಳಿಕೆಯಲ್ಲಿ ಮರಿಹುಳುಗಳ ಮೇಲೆ ಡಿಇಸಿ ಸುರಿದರೆ ಅವು ಅಷ್ಟಾಗಿ ಸಾಯುವುದಿಲ್ಲ. ರೋಗಿಯ ರಕ್ತದಲ್ಲಿ ಮಾತ್ರ ಕೆಲವೇ ಗಂಟೆಗಳಲ್ಲಿ ಅವುಗಳ ಸಂಖ್ಯೆ ಕುಸಿಯುತ್ತದೆ. ಔಷಧದ ನೆರವಿನಿಂದ ಅವುಗಳನ್ನು ಹಿಡಿದು ಮುಗಿಸುವ ಕೆಲಸದಲ್ಲಿ ಬಿಳಿ ರಕ್ತಕಣಗಳೂ ಕಿರುಬಿಲ್ಲೆಗಳೂ ಕೈಜೋಡಿಸುತ್ತವೆ. ಮಾತ್ರೆ ನುಂಗಿದ ದಿನ ಕೆಲವರಿಗೆ ಬರುವ ಜ್ವರ, ತಲೆನೋವುಗಳ ಮೂಲವೂ ಇದೇ: ಸಾಯುತ್ತಿರುವ ಹುಳುಗಳಿಗೆ ದೇಹ ತೋರುವ ಪ್ರತಿಕ್ರಿಯೆ. ಮಾತ್ರೆಯೇ ಕೆಟ್ಟದ್ದೆಂದು ತಿಳಿದು ಮುಂದಿನ ವರ್ಷ ಬಾಗಿಲು ಹಾಕಿಕೊಳ್ಳುವವರಿಗೆ ಈ ಮಾತನ್ನು ಯಾರಾದರೂ ಕುಳಿತು ಬಿಡಿಸಿ ಹೇಳಬೇಕು. ಒಂದೆರಡು ದಿನದಲ್ಲಿ ಇಳಿಯುವ ಈ ಜ್ವರ ಬರುವುದು ಹೆಚ್ಚಾಗಿ ರಕ್ತದಲ್ಲಿ ಮರಿಹುಳು ಇರುವವರಿಗೆ, ಅಂದರೆ ಆ ಮಾತ್ರೆ ನಿಜಕ್ಕೂ ಬೇಕಾಗಿದ್ದವರಿಗೆ.