ಒಂದು ನಕ್ಷೆ, ಹಲವು ಪದರ: ಎಕ್ಸ್‌ರೆಫ್ ಲೇಯರ್‌ಗಳ ಲೆಕ್ಕಾಚಾರ

ಮನಾಮದ ಬಹ್ರೈನ್ ವರ್ಲ್ಡ್ ಟ್ರೇಡ್ ಸೆಂಟರ್ ನೋಡದ ಕನ್ನಡಿಗ ಈ ದ್ವೀಪದಲ್ಲಿ ಸಿಗೋದು ಕಷ್ಟ. 2008ರಲ್ಲಿ ಪೂರ್ಣಗೊಂಡ 240 ಮೀಟರ್ ಎತ್ತರದ ಎರಡು ಗೋಪುರ, ನಡುವೆ ಮೂರು ಸೇತುವೆ, ಒಂದೊಂದರ ಮೇಲೂ 29 ಮೀಟರ್ ವ್ಯಾಸದ ಗಾಳಿಯಂತ್ರ. ಇಂಥದ್ದರ ನಕ್ಷೆಯನ್ನು ಒಬ್ಬರೇ ಕೂತು ಒಂದೇ ಫೈಲಿನಲ್ಲಿ ಬರೆಯೋಕಾಗಲ್ಲ. ಗೋಡೆ ಒಬ್ಬರದು, ಕಂಬ-ತೊಲೆ ಇನ್ನೊಬ್ಬರದು, ಎಸಿ ಡಕ್ಟ್, ನೀರಿನ ಪೈಪು, ವೈರಿಂಗ್ ಮತ್ತೊಬ್ಬೊಬ್ಬರದು. ರಿಫಾದಲ್ಲಿ ಏಳುವ ಎರಡಂತಸ್ತಿನ ವಿಲ್ಲಾಕ್ಕೂ ಇದೇ ಕತೆ, ಸಣ್ಣ ಅಳತೆಯಲ್ಲಿ.

ಮೊದಲು ಇದಕ್ಕೆ ಟ್ರೇಸಿಂಗ್ ಹಾಳೆಗಳಿದ್ದವು, ಒಂದರ ಮೇಲೊಂದು ಇಟ್ಟು ನೋಡೋದು. 1982ರಲ್ಲಿ ಬಂದ ಆಟೋಕ್ಯಾಡ್‌ನಲ್ಲಿ ಆ ಹಾಳೆಗಳ ಜಾಗಕ್ಕೆ ಲೇಯರ್ ಬಂತು. 1990ರ ರಿಲೀಸ್ 11ರಲ್ಲಿ ಎಕ್ಸ್‌ರೆಫ್ ಸೇರಿತು: ಬೇರೆಯವರ ಫೈಲನ್ನು ನಕಲು ಮಾಡದೆ, ನಮ್ಮ ನಕ್ಷೆಯ ಕೆಳಗೆ ಕೊಂಡಿ ಹಾಕಿ ತೋರಿಸೋ ವ್ಯವಸ್ಥೆ. ಅವರು ಗೋಡೆ ಸರಿಸಿ ಸೇವ್ ಮಾಡಿದರೆ, ನಾವು ರೀಲೋಡ್ ಮಾಡಿದಾಗ ಇಲ್ಲೂ ಗೋಡೆ ಸರಿದಿರುತ್ತೆ.

ತಲೆನೋವು ಶುರುವಾಗೋದು ಲೇಯರ್ ಪಟ್ಟಿ ತೆರೆದಾಗ. ‘ಆರ್ಕ್’ ಅನ್ನೋ ಫೈಲಿನ ‘ಎ-ವಾಲ್’ ಲೇಯರ್ ನಮ್ಮಲ್ಲಿ ‘ಆರ್ಕ್|ಎ-ವಾಲ್’ ಅಂತ ಕಾಣುತ್ತೆ. ಆ ಅಡ್ಡಗೋಡೆಯಂಥ ಗೆರೆಯ ಎಡಕ್ಕಿರೋದು ಮನೆತನದ ಹೆಸರು ಅಂದ್ಕೊಳ್ಳಿ. ಇದರ ಬಣ್ಣ ಬದಲಿಸಬಹುದು, ಫ್ರೀಜ್ ಮಾಡಬಹುದು. ಹೆಸರು ಬದಲಿಸೋಕಾಗಲ್ಲ, ಅದರ ಮೇಲೆ ಬರೆಯೋಕೂ ಆಗಲ್ಲ. ನಾವು ಮಾಡಿದ ಬಣ್ಣ ಬದಲಾವಣೆ ರೀಲೋಡ್ ಆದಮೇಲೂ ಉಳೀಬೇಕಂದ್ರೆ ‘ವಿಸ್‌ರಿಟೇನ್’ 1 ಆಗಿರಬೇಕು. 0 ಇದ್ದರೆ ಪ್ರತಿಸಲ ಮೊದಲಿನಿಂದ ಕೆಲಸ. ಇನ್ನು ಗೋಡೆ ಬರೆದವರು ಲೇಯರಿನ ಬಣ್ಣ ಬಿಟ್ಟು ಗೆರೆಗೇ ನೇರವಾಗಿ ಕೆಂಪು ಕೊಟ್ಟಿದ್ದರೆ, ನೀವು ಲೇಯರ್ ಬಣ್ಣ ಎಷ್ಟು ಬದಲಿಸಿದರೂ ಅದು ಕೆಂಪೇ. ಅದಕ್ಕೇ ‘ಬೈಲೇಯರ್’ ಬಿಟ್ಟು ಬೇರೇನೂ ಕೊಡಬೇಡಿ ಅಂತ ಸೀನಿಯರ್‌ಗಳು ಬಡ್ಕೊಳ್ಳೋದು.

ನಿಜವಾದ ಅಪಾಯ ಬೇರೆ ಇದೆ. ಎಸಿ ನಕ್ಷೆ ಮಾಡುವವನಿಗೆ ಸೋಫಾ, ಮಂಚ ಬೇಡ. ಫರ್ನಿಚರ್ ಲೇಯರ್ ಫ್ರೀಜ್ ಮಾಡ್ತಾನೆ. ಅವಸರದಲ್ಲಿ ಆ ಕಡೆಯವರು ಹೊಸ ಶಾಫ್ಟನ್ನು ಅದೇ ಫರ್ನಿಚರ್ ಲೇಯರಿನಲ್ಲಿ ಬರೆದುಬಿಟ್ಟರೆ? ಕೊಂಡಿ ಸರಿಯಾಗೇ ಇದೆ, ರೀಲೋಡೂ ಆಗಿದೆ, ಆದ್ರೆ ಅವನಿಗೆ ಶಾಫ್ಟ್ ಕಾಣೋದೇ ಇಲ್ಲ. ಸ್ಲ್ಯಾಬಿನಲ್ಲಿ ಡಕ್ಟಿಗೆ ಬೇಕಾದ ತೂತು ತಪ್ಪು ಜಾಗದಲ್ಲಿ ಉಳಿಯುತ್ತೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೋರ್ ಕಟಿಂಗ್ ಮಾಡೋದಂದ್ರೆ ಒಳಗಿನ ಕಂಬಿ ಕತ್ತರಿಸೋ ಭಯ. ಪೋಸ್ಟ್-ಟೆನ್ಷನ್ ಸ್ಲ್ಯಾಬ್ ಆದ್ರೆ ಬಿಗಿದ ಕೇಬಲ್ಲೇ ತುಂಡಾಗಬಹುದು, ಪಕ್ಕದಲ್ಲಿ ನಿಂತವರ ಜೀವಕ್ಕೇ ಸಂಚಕಾರ. ಆಗ ಬೈಗುಳ ಬೀಳೋದು ಮಾತ್ರ ವೀಸಾ ಮೇಲೆ ಬಂದ ಡ್ರಾಫ್ಟ್ಸ್‌ಮನ್‌ಗೆ.

ಹಾಗಾಗಿ ಹೊಸ ರಿವಿಷನ್ ಬಂದ ಕೂಡ್ಲೇ ಒಂದ್ಸಲ ಎಲ್ಲ ಲೇಯರ್ ಥಾ ಮಾಡಿ ನೋಡೋದು ಒಳ್ಳೇದು. ಅದಕ್ಕೆ ಮುಂಚೆ ಈಗಿನ ಸ್ಥಿತಿಯನ್ನು ‘ಲೇಯರ್ ಸ್ಟೇಟ್’ ಆಗಿ ಉಳಿಸಿಟ್ಟರೆ ವಾಪಸ್ ಬರೋಕೆ ಎರಡು ಕ್ಲಿಕ್ ಸಾಕು. ಹೊಸ ಲೇಯರ್ ಸೇರಿದ್ರೆ ಎಚ್ಚರಿಸೋ ಸೆಟ್ಟಿಂಗೂ ಇದೆ, ಆನ್ ಮಾಡ್ಕೊಳ್ಳಿ. ಆದ್ರೆ ಹಳೇ ಲೇಯರಿಗೆ ಹೊಸ ಗೆರೆ ಬಂದ್ರೆ ಅದು ಏನೂ ಹೇಳಲ್ಲ.

ಇನ್ನೊಂದು: ಪ್ರತಿ ಎಕ್ಸ್‌ರೆಫ್‌ಗೂ ಅದರದ್ದೇ ಒಂದು ಲೇಯರ್ ಮಾಡಿ, ಅದರ ಮೇಲೆ ಕೂರಿಸಿ. ಅದನ್ನು ಫ್ರೀಜ್ ಮಾಡಿದ್ರೆ ಇಡೀ ಫೈಲ್ ಮರೆಯಾಗುತ್ತೆ, ಮೇನ್ ಸ್ವಿಚ್ ಇದ್ದಹಾಗೆ. ಸೊನ್ನೆ ಲೇಯರಿನಲ್ಲಿ ಬರೆದದ್ದೆಲ್ಲ ಕೂರಿಸಿದ ಲೇಯರಿನ ಗುಣ ತಗೊಳ್ಳುತ್ತೆ, ಅತ್ತೆಮನೆಗೆ ಬಂದ ಸೊಸೆ ಥರ. ನಮ್ಮ ಫೈಲನ್ನು ಕೊಂಡಿ ಹಾಕೋ ಮೂರನೆಯವರಿಗೆ ಆರ್ಕಿಟೆಕ್ಟ್ ನಕ್ಷೆ ಎರಡೆರಡು ಸಲ ಬರಬಾರದಂದ್ರೆ ‘ಅಟ್ಯಾಚ್’ ಬೇಡ, ‘ಓವರ್‌ಲೇ’ ಸಾಕು.

ಹೆಸರಿಡೋ ವಿಷಯದಲ್ಲಿ ನನಗೆ ಸ್ವಲ್ಪ ಹಟ ಇದೆ. ಇಲ್ಲಿಯ ಆಫೀಸಲ್ಲಿ ಮಂಗಳೂರಿನವರು, ಮಲಯಾಳಿ, ಫಿಲಿಪಿನೋ, ಈಜಿಪ್ಟಿನವರು ಒಟ್ಟಿಗೆ ಇರ್ತಾರೆ. ಒಬ್ಬೊಬ್ಬರು ಒಂದೊಂದು ಹೆಸರಿಟ್ಟರೆ ಚಿರೋಟಿ ಪದರ ಎಣಿಸಿದ ಹಾಗಾಗುತ್ತೆ. ಅಮೆರಿಕದ ಎಐಎ ಪದ್ಧತಿ, ಇಲ್ಲಾ ಐಎಸ್‌ಒ 13567, ಯಾವುದಾದ್ರೂ ಒಂದು ಹಿಡೀರಿ. ಎ ಅಂದ್ರೆ ಆರ್ಕಿಟೆಕ್ಚರ್, ಎಸ್ ಸ್ಟ್ರಕ್ಚರ್, ಎಂ ಮೆಕ್ಯಾನಿಕಲ್; ಎಐಎದಲ್ಲಿ ಮೊದಲ ಅಕ್ಷರದಲ್ಲೇ ಯಾರದ್ದು ಅಂತ ಗೊತ್ತಾಗುತ್ತೆ.

ಕೊನೆಗೆ ಫೈಲ್ ಹೊರಗೆ ಕಳಿಸುವಾಗ ‘ಬೈಂಡ್’ ಮಾಡಿದ್ರೆ ಆ ಅಡ್ಡಗೆರೆ ಹೋಗಿ ‘ಆರ್ಕ್$0$ಎ-ವಾಲ್’ ಆಗುತ್ತೆ. ‘ಇನ್ಸರ್ಟ್’ ಆರಿಸಿದ್ರೆ ಮನೆತನದ ಹೆಸರೇ ಅಳಿದು, ಒಂದೇ ಹೆಸರಿನ ಲೇಯರ್‌ಗಳೆಲ್ಲ ಒಂದಾಗ್ತವೆ. ಆಮೇಲೆ ಬೇರ್ಪಡಿಸೋದು ಬಲು ಕಷ್ಟ, ಅದಕ್ಕೇ ಮೂಲದ ಪ್ರತಿಯೊಂದನ್ನು ಬೇರೆ ಫೋಲ್ಡರಲ್ಲಿ ಇಟ್ಟಿರಿ.