ದುಡಿಯುವವನ ಉಡುಗೆ

ಉಡುಗೆಯ ಯೋಗ್ಯತೆಯನ್ನು ಅಳೆಯುವವರು ಯಾರು? ನೋಡುವವರ ಕಣ್ಣೋ, ಉಟ್ಟವನ ಕಾಯಕವೋ? ಈ ಪ್ರಶ್ನೆಯನ್ನು ಮುಂದಿರಿಸಿಕೊಂಡು ನಾವು ಸ್ಕಾಟ್‌ಲೆಂಡಿನ ಗಂಡಸರು ನಡುವಿಗೆ ಸುತ್ತಿಕೊಳ್ಳುವ ‘ಕಿಲ್ಟ್’ ಎಂಬ ನೆರಿಗೆಯ ಉಡುಗೆಯ ಚರಿತ್ರೆಯನ್ನು ಅವಲೋಕಿಸಬಯಸುತ್ತೇವೆ. ಚಿತ್ರಗಳಲ್ಲಿ ಅದನ್ನು ಕಂಡ ನಮ್ಮ ಮಕ್ಕಳು ‘ಗಂಡಸರೂ ಲಂಗ ಉಡುವರೇ’ ಎಂದು ನಗುವುದುಂಟು. ಧೋತರವನ್ನು ಮೊಣಕಾಲಿಗೆ ಎತ್ತಿಕಟ್ಟಿ ನೇಗಿಲು ಹಿಡಿದವರ ಮೊಮ್ಮಕ್ಕಳು ಹೀಗೆ ನಗುವುದೇ ಸೋಜಿಗ!

ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಉತ್ತರದ ಗುಡ್ಡಗಾಡಿನ ಜನರು ಉದ್ದನೆಯ ಉಣ್ಣೆಯ ವಸ್ತ್ರವೊಂದನ್ನೇ ನೆರಿಗೆ ಹಿಡಿದು, ನಡುವಿಗೆ ಪಟ್ಟಿ ಬಿಗಿದು, ಮಿಕ್ಕುದನ್ನು ಹೆಗಲ ಮೇಲೆ ಹೊದೆಯುತ್ತಿದ್ದರು. ಹಗಲಿನ ಉಡುಗೆಯೇ ಇರುಳಿನ ಹೊದಿಕೆ. ನಮ್ಮ ಕುರಿಗಾಹಿಗಳ ಕಂಬಳಿಯಂತೆ. ಆದರೆ ಕುಲುಮೆಯ ಮುಂದೆ ದುಡಿಯುವವನಿಗೆ ಅದು ತೊಡಕು. 1720ರ ದಶಕದ ಕೊನೆಯಲ್ಲಿ ಇನ್ವರ್‌ಗ್ಯಾರಿಯಲ್ಲಿ ಕಬ್ಬಿಣ ಕರಗಿಸುವ ಉದ್ಯಮ ನಡೆಸಿದ ಥಾಮಸ್ ರಾಲಿನ್ಸನ್ ಎಂಬ ಆಂಗ್ಲನು ಕೆಲಸಗಾರರ ಅನುಕೂಲಕ್ಕೆಂದು ಮೇಲಿನ ಭಾಗವನ್ನು ಬೇರ್ಪಡಿಸಿ ಕೆಳಗಿನದನ್ನಷ್ಟೇ ಉಳಿಸಿದನೆಂದು 1785ರಲ್ಲಿ ಅಚ್ಚಾದ ಪತ್ರವೊಂದು ಹೇಳುತ್ತದೆ. ಗಿಡ್ಡ ಕಿಲ್ಟ್ ಅದಕ್ಕೂ ಹಿಂದಿನದೆಂದು ವಾದಿಸುವ ವಿದ್ವಾಂಸರೂ ಉಂಟು.

ದಂಗೆಯನ್ನಡಗಿಸಿದ ಬ್ರಿಟಿಷ್ ಸರ್ಕಾರವು 1746ರಲ್ಲಿ ಈ ಉಡುಗೆಯನ್ನೇ ನಿಷೇಧಿಸಿತು. ಮೊದಲ ಸಲ ಉಟ್ಟವನಿಗೆ ಆರು ತಿಂಗಳ ಸೆರೆ, ಎರಡನೆಯ ಸಲ ಏಳು ವರ್ಷ ಗಡೀಪಾರು! 1782ರಲ್ಲಿ ಆ ಕಾನೂನು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜನೇ ಎಡಿನ್‌ಬರೋದಲ್ಲಿ ಕಿಲ್ಟ್ ಧರಿಸಿದನು. ದುಡಿಯುವವರ ಬಟ್ಟೆ ಮೆರವಣಿಗೆಯ ಬಟ್ಟೆಯಾಯಿತು.

ಅದನ್ನು ಮರಳಿ ಕಾಯಕಕ್ಕೆ ತಂದವರಲ್ಲಿ ಅಮೆರಿಕದ ಸಿಯಾಟಲ್ ನಗರದ ಸ್ಟೀವನ್ ವಿಲ್ಲೆಗಾಸ್ ಒಬ್ಬರು. 2000ದಲ್ಲಿ ಆರಂಭವಾದ ಅವರ ‘ಯುಟಿಲಿಕಿಲ್ಟ್ಸ್’ ಸಂಸ್ಥೆಯು ದಪ್ಪ ಹತ್ತಿಯ ಬಟ್ಟೆಯಲ್ಲಿ ಹೊಲಿದ ಕಿಲ್ಟಿಗೆ ಅಗಲವಾದ ಜೇಬುಗಳನ್ನೂ ಸುತ್ತಿಗೆ ಸಿಕ್ಕಿಸುವ ಕುಣಿಕೆಯನ್ನೂ ಇಟ್ಟಿತು. ಕುಳಿತೇಳುವಾಗ ಮೊಣಕಾಲ ಬಳಿ ಬಟ್ಟೆ ಹಿಡಿಯದು; ಸೆಖೆಯಲ್ಲಿ ಗಾಳಿಯಾಡುವುದು. ಪ್ಯಾಂಟು ಬೇಗ ಸವೆಯುವ ಮೊಣಕಾಲಿನ ಭಾಗವೇ ಇದರಲ್ಲಿಲ್ಲ. ಆದರೂ ಬೆಸುಗೆಯ ಕಿಡಿ ಹಾರುವೆಡೆ, ಮುಳ್ಳುಕಂಟಿಯ ನಡುವೆ, ಏಣಿಯ ಮೇಲೆ ಇದು ಸಲ್ಲದು. ಬರಿಗಾಲು ಸುಟ್ಟುಕೊಂಡು ಹೊಸತನ ಮೆರೆಯಬೇಕಾಗಿಲ್ಲವಷ್ಟೆ.

ನಮ್ಮ ನಾಡಿನತ್ತ ನೋಡಿದರೆ ಮನಸ್ಸು ಮುದುಡುತ್ತದೆ. 2024ರ ಜುಲೈ ತಿಂಗಳಲ್ಲಿ ಮಗನೊಡನೆ ಚಲನಚಿತ್ರ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು, ಪಂಚೆಯುಟ್ಟಿದ್ದಾರೆಂಬ ಕಾರಣಕ್ಕೆ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ತಡೆಯಲಾಯಿತು. ಅದನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು. ಸಂತೋಷ. ಆದರೆ ಬಟ್ಟೆ ಒಗೆದ ಮಡಿವಾಳ ಮಾಚಯ್ಯನವರನ್ನೂ ಹಗ್ಗ ಹೊಸೆದ ನುಲಿಯ ಚಂದಯ್ಯನವರನ್ನೂ ಶರಣರೆಂದು ಸ್ಮರಿಸುವ ನಮ್ಮ ಮನೆಗಳಲ್ಲಿಯೇ, ಬೀಗರು ಬಂದಾಗ ಹೊಲದಿಂದ ಮರಳಿದ ಅಜ್ಜನನ್ನು ಹಿತ್ತಲಿನ ಬಾಗಿಲಿನಿಂದ ಒಳಗೆ ಕರೆಯುವುದಿಲ್ಲವೇ?

ಧಾರವಾಡ ಸೀಮೆಯಲ್ಲಿ ಇಂದಿಗೂ ಖಾದಿ ನೇಯುವ ಕೈಗಳಿವೆ. ಆ ದಪ್ಪ ಬಟ್ಟೆಯಲ್ಲಿ ಗಟ್ಟಿಯಾದ ಜೇಬೊಂದನ್ನೂ ಕುಡುಗೋಲು ಸಿಕ್ಕಿಸುವ ಕುಣಿಕೆಯನ್ನೂ ಕೂಡಿಸಿ ಮೊಣಕಾಲುದ್ದದ ಪಂಚೆಯನ್ನು ಯಾರಾದರೂ ಹೊಲಿದುಕೊಟ್ಟರೆ, ಕೊಂಡು ಉಡುವ ರೈತರು ನಮ್ಮಲ್ಲಿ ಸಿಕ್ಕಾರೆಂದೇ ನಾವು ನಂಬಿದ್ದೇವೆ.