ಗದ್ದೆಯಿಂದ ಮಂಡಿಯವರೆಗೆ ಓದಬೇಕಾದ ಪದವಿ

ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನಾಡು ಬಲ್ಲದ್ದು 1942ರ ಚಳವಳಿಯಿಂದ. ಸರ್ಕಾರಿ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದ ಊರದು. 1943ರ ಮಾರ್ಚ್‌ನಲ್ಲಿ ಇಲ್ಲಿನ ಐವರು ಗಲ್ಲಿಗೇರಿದರು. ಹೊರಗಿನಿಂದ ಬಂದು ಅಪ್ಪಣೆ ಕೊಡಿಸುವವರನ್ನು ಈ ಸೀಮೆ ಸುಲಭಕ್ಕೆ ಒಪ್ಪಿದ್ದಿಲ್ಲ. ಶಿಕಾರಿಪುರ, ಸೊರಬದ ಕಡೆಯ ಹಳ್ಳಿಗಳು ಈಗ ಕಾಣುವ ಹೊರಗಿನವರು ಬೇರೆ ಬಗೆಯವರು: ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದ ವಿದ್ಯಾರ್ಥಿಗಳು. ಈ ಭಾಗ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತದೆ. 2012ರಲ್ಲಿ ಶುರುವಾದ ಅದಕ್ಕೆ ಶಿವಮೊಗ್ಗದ ನವಿಲೆಯಲ್ಲೂ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೂ ಆವರಣಗಳಿವೆ. ಜಮೀನಿಗೆ ತಕ್ಕ ಕಂದಾಯ ಗೊತ್ತುಮಾಡಿದ 'ಶಿಸ್ತು' ಪದ್ಧತಿಗೆ ಹೆಸರಾದ ಅರಸನ ಹೆಸರು ಕೃಷಿ ವಿಶ್ವವಿದ್ಯಾಲಯಕ್ಕೆ ಒಪ್ಪುವಂಥದ್ದೇ.

ಗ್ರಾಮೀಣ ಕೃಷಿ ಕಾರ್ಯಾನುಭವ ಎಂಬ ಈ ಹಳ್ಳಿವಾಸ ಹೊಸದಲ್ಲ. ಕೃಷಿ ಪದವಿಗಳಿಗಾಗಿ ಐದನೇ ಡೀನ್‌ಗಳ ಸಮಿತಿ ರೂಪಿಸಿದ ಪಠ್ಯಕ್ರಮ ಇದಕ್ಕೆ ಒಂದು ಇಡೀ ಸೆಮಿಸ್ಟರನ್ನು, ಅಂದರೆ 20 ವಾರಗಳನ್ನು ಮೀಸಲಿಟ್ಟಿತು. ಅದರಲ್ಲಿ 8 ವಾರ ಹಳ್ಳಿಗೆ, 3 ವಾರ ಕೃಷಿ ಉದ್ದಿಮೆಗೆ. ಉಳಿದದ್ದು ಸಂಶೋಧನಾ ಕೇಂದ್ರ, ಸಸ್ಯ ಚಿಕಿತ್ಸೆ, ವರದಿ ಎಂದು ಹಂಚಿಹೋಗುತ್ತದೆ. ಹಳ್ಳಿಗೆ ಬಂದವರ ಮೊದಲ ಕೆಲಸಗಳಲ್ಲೊಂದು ದೇವಸ್ಥಾನದ ಅಂಗಳದಲ್ಲೋ ಶಾಲೆಯ ಬಯಲಲ್ಲೋ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುವುದು. ನೀಲಿ ಪುಡಿಯಲ್ಲಿ ಕೆರೆ, ಹಸಿರಿನಲ್ಲಿ ತೋಟ. ಸುತ್ತ ನಿಂತ ಹಿರಿಯರು ಸುಮ್ಮನಿರುವುದಿಲ್ಲ. ಕೋಡಿ ಆ ಕಡೆ ಅಲ್ಲ, ಈ ಕಡೆ ಎಂದು ತಿದ್ದುತ್ತಾರೆ. ಇದು ಫೋಟೊಗಾಗಿ ನಡೆಯುವ ನಾಟಕ ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಪಾಠವಿರುವುದು ಆ ತಿದ್ದುಪಡಿಯಲ್ಲೇ. ರೈತನಿಗೆ ಎಂಟು ವಾರದಲ್ಲಿ ಹೊಸದೇನನ್ನೂ ಕಲಿಸಲಾಗದಿದ್ದರೂ ನಷ್ಟವಿಲ್ಲ, ಕಲಿಯಬೇಕಾದವರು ಬಂದವರು. ರೈತರ ಮಕ್ಕಳೇ ಕೃಷಿಕರ ಕೋಟಾದಲ್ಲಿ, ಪ್ರಾಯೋಗಿಕ ಪರೀಕ್ಷೆ ಬರೆದು ಸೇರಿರುವಾಗ ಇದೇಕೆ ಎನ್ನುವವರೂ ಇದ್ದಾರೆ. ಬಯಲುಸೀಮೆಯ ರಾಗಿ ಹೊಲದಲ್ಲಿ ಬೆಳೆದ ಹುಡುಗಿಗೆ ಅರೆಮಲೆನಾಡಿನ ಕೆಸರುಗದ್ದೆ ಹೊಸದೇ ಅಲ್ಲವೆ?

ಹೊಲದಲ್ಲಿ ಕಣ್ಣಿಟ್ಟು ನೋಡುವ ವಿದ್ಯೆಗೆ ಇಲ್ಲಿಯದೇ ಸಾಕ್ಷಿಯಿದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾ ಹೊಕ್ಕು, 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಸಲ ಪತ್ತೆಯಾದದ್ದು ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಗುರುತಿಸಿದವರು ಇದೇ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ತಲೆಯ ಮೇಲೆ ತಿರುವುಮುರುವಾದ ಇಂಗ್ಲಿಷ್ 'ವೈ' ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ. ಇಷ್ಟನ್ನು ಕಾಣದೆ, ಎಂದಿನ ಹುಳುವೆಂದು ಔಷಧಿ ಹೊಡೆದು ಮುಂದೆ ಹೋಗಬಹುದಿತ್ತು.

ನನ್ನ ತಕರಾರು ಹಳ್ಳಿಯ ಎಂಟು ವಾರದ ಬಗ್ಗೆ ಅಲ್ಲ, ಅದು ನಿಲ್ಲುವ ಜಾಗದ ಬಗ್ಗೆ. ನಾಟಿ ಕಂಡವರಿಗೆ ಒಕ್ಕಣೆ ಕಾಣುವುದಿಲ್ಲ, ಒಕ್ಕಣೆ ಕಂಡರೂ ಮಾರಾಟ ಕಾಣುವುದಿಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಭತ್ತದ ಗದ್ದೆ ಅಡಿಕೆ ತೋಟವಾಗುವುದು, ಶುಂಠಿಗೆ ಗೇಣಿ ಹೋಗುವುದು, ಮಕ್ಕಿ ಜಮೀನು ಮೆಕ್ಕೆಜೋಳಕ್ಕೆ ತಿರುಗುವುದು ಮಣ್ಣಿನ ಗುಣಕ್ಕಿಂತ ಹೆಚ್ಚಾಗಿ ಮಾರುಕಟ್ಟೆಯ ಲೆಕ್ಕದಿಂದ. ಆ ಲೆಕ್ಕ ತಿಳಿಯದ ಪದವೀಧರ ಸುಸ್ಥಿರ ಕೃಷಿಯ ಬಗ್ಗೆ ಭಾಷಣ ಮಾಡಿಯಾನು, ಅಷ್ಟೆ. ಭತ್ತವನ್ನೇ ತೆಗೆದುಕೊಳ್ಳಿ. ವರದಾ ನದಿಯ ನೆರೆ ನಿಲ್ಲುವ ಸೊರಬ, ಸಾಗರದ ತಗ್ಗುಗದ್ದೆಗಳಲ್ಲಿ ನೆರೆಗುಳಿ, ಕರೆಕಂಟಕದಂಥ ಭತ್ತಗಳು ನೀರಲ್ಲಿ ಮುಳುಗಿಯೂ ಬದುಕುತ್ತವೆ. ಇಳುವರಿ ಕಡಿಮೆ, ಅವನ್ನು ಬೆಳೆದು ಹೊಟ್ಟೆ ತುಂಬುವುದೆ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಮುಳುಗುವ ಗದ್ದೆಯಲ್ಲಿ ಹೆಚ್ಚು ಇಳುವರಿಯ ತಳಿ ಕೊಳೆತರೆ ಕೈಗೆ ಸಿಗುವುದು ಸೊನ್ನೆ. ಇನ್ನೊಂದು, ಹಳೆಯದನ್ನು ಹಾಗೇ ಇಟ್ಟುಕೊಳ್ಳಬೇಕೆಂದೇನೂ ಇಲ್ಲ: ಬೆಂಕಿರೋಗಕ್ಕೆ ಸೋಲುತ್ತಿದ್ದ ಜ್ಯೋತಿ ತಳಿಯನ್ನು ಅಕ್ಕಳು ತಳಿಯೊಂದಿಗೆ ಸಂಕರಿಸಿ ಇದೇ ವಿಶ್ವವಿದ್ಯಾಲಯ ಸಹ್ಯಾದ್ರಿ ಮೇಘ ಎಂಬ ಕೆಂಪಕ್ಕಿಯ ತಳಿ ಕೊಟ್ಟಿದೆ. ಆದರೆ ಕೆಂಪಕ್ಕಿಯನ್ನು ಯಾವ ಗಿರಣಿ ಬೇರೆಯಾಗಿ ಮಾಡಿಕೊಡುತ್ತದೆ, ಯಾವ ಊರಿನ ಗಿರಾಕಿ ಎಷ್ಟು ಕೊಡುತ್ತಾನೆ ಎಂಬುದೂ ಪಾಠವಾಗಬೇಕು.

ಓದುವವರಲ್ಲಿ ಅನೇಕರ ಕಣ್ಣು ಕೃಷಿ ಇಲಾಖೆ ಮತ್ತು ಬ್ಯಾಂಕಿನ ನೌಕರಿಯ ಮೇಲೆ, ಮಂಡಿ ತಿರುಗಿ ಅವರಿಗೇನಾಗಬೇಕು ಎಂಬ ಮಾತೂ ಇದೆ. ಆಗಬೇಕಾದ್ದು ಬಹಳವಿದೆ. ಶುಂಠಿಗೋ ಅಡಿಕೆಗೋ ಸಾಲ ಮಂಜೂರು ಮಾಡುವ ಮೇಜಿನ ಹಿಂದೆ ನಾಳೆ ಕೂರುವವರು ಅವರೇ. ಇದಕ್ಕೆ ಹೊಸ ಕಾಲೇಜು ಬೇಕಿಲ್ಲ. ಎಂಟು ವಾರವನ್ನು ಎರಡಾಗಿ ಒಡೆದು, ಐದನ್ನು ಬಿತ್ತನೆ, ನಾಟಿಯ ಕಾಲಕ್ಕೂ ಮೂರನ್ನು ಕೊಯ್ಲಿಗೂ ಇಡಬಹುದು. ಸೆಮಿಸ್ಟರ್ ವೇಳಾಪಟ್ಟಿಗೆ ಹೊಂದುವುದಿಲ್ಲ ಎನ್ನುವುದು ನಿಜವಾದ ತೊಡಕೇ, ಆದರೆ ವೇಳಾಪಟ್ಟಿ ಮಾಡುವುದು ವಿಶ್ವವಿದ್ಯಾಲಯ, ಮಳೆಯಲ್ಲ. ಜುಲೈಯಲ್ಲಿ ಯಾರ ಮೆಕ್ಕೆಜೋಳದ ಸುಳಿಯಲ್ಲಿ ಹುಳು ಹುಡುಕಿದರೋ ಅದೇ ರೈತನ ಚೀಲಗಳೊಂದಿಗೆ ಮಂಡಿಗೆ ಹೋಗಿ, ತೇವಾಂಶದ ಹೆಸರಲ್ಲಿ ಕ್ವಿಂಟಲಿಗೆ ಎಷ್ಟು ಮುರಿದುಕೊಂಡರು ಎಂದು ವಿದ್ಯಾರ್ಥಿಗಳು ತಮ್ಮ ವರದಿಯಲ್ಲಿ ಬರೆಯಲಿ.